ವಹಿ ತುಂಬ ಸರಿ, ಪರೀಕ್ಷೆಯಲ್ಲಿ ನಾಲ್ಕು

ಕಾಗವಾಡದ ಆಪ್ತರೊಬ್ಬರ ಮನೆಗೆ ಮಧ್ಯಂತರ ರಜೆಯ ದಿನಗಳಲ್ಲಿ ನಾವು ಹೋಗಿದ್ದೆವು. ಪ್ರಸಾದ ಸ್ವೀಕರಿಸಿ ಪಡಸಾಲೆಯಲ್ಲಿ ಕುಳಿತಿದ್ದಾಗ ಆ ಮನೆಯ ತಾಯಿ ಒಳಗಿನಿಂದ ಎರಡು ವಸ್ತುಗಳನ್ನು ತಂದು ನಮ್ಮೆದುರು ಇಟ್ಟರು. ಒಂದು, ಹತ್ತನೆಯ ತರಗತಿಯಲ್ಲಿ ಓದುತ್ತಿರುವ ಅವರ ಮಗಳ ಬೀಜಗಣಿತದ ಗೃಹಪಾಠದ ವಹಿ. ಇನ್ನೊಂದು, ಅದೇ ವಿಷಯದ ಕಿರುಪರೀಕ್ಷೆಯ ಉತ್ತರಪತ್ರಿಕೆ. ವಹಿಯ ಪುಟಪುಟದಲ್ಲಿಯೂ ಕೆಂಪು ಶಾಯಿಯ ಸರಿ ಗುರುತು, ಕೆಳಗೆ ಸಹಿ, ನಡುನಡುವೆ ‘ಉತ್ತಮ’ ಎಂಬ ಷರಾ. ಉತ್ತರಪತ್ರಿಕೆಯ ಮೇಲ್ತುದಿಯಲ್ಲಿ 20ಕ್ಕೆ 4.

“ಗುರುಗಳ, ವಹಿ ತುಂಬ ಸರಿ ಅಂತ ಗುರುತು ಅದಾವ್ರಿ. ಪರೀಕ್ಷೆಯೊಳಗ ನಾಕು ಅಂಕ. ನಾವು ಯಾವುದನ್ನ ನಂಬೂದ್ರಿ?”

ನಾವು ಬಹುಕಾಲ ಪ್ರೌಢಶಾಲೆಗಳಲ್ಲಿ ಗಣಿತವನ್ನು ಕಲಿಸಿದವರು. ಆದರೂ ಆ ತಾಯಿಯ ಪ್ರಶ್ನೆಗೆ ಒಡನೆಯೇ ಉತ್ತರ ಕೊಡಲು ನಮ್ಮಿಂದ ಆಗಲಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಎಷ್ಟು ಮನೆಗಳಲ್ಲಿ ಇದೇ ಪ್ರಶ್ನೆ ಎದ್ದಿರಬಹುದು ಎಂದು ಯೋಚಿಸುತ್ತ ವಹಿಯನ್ನು ಮೊದಲ ಪುಟದಿಂದ ತಿರುವಿ ನೋಡಿದೆವು.

ಮೊದಲ ಹತ್ತು ಹನ್ನೆರಡು ಪುಟಗಳಲ್ಲಿ ಕಾಟುಗಳಿದ್ದವು. ಒಂದು ಸಾಲನ್ನು ಹೊಡೆದು ಹಾಕಿ ಮತ್ತೆ ಬರೆದದ್ದು, ಅಂಚಿನಲ್ಲಿ ಮಾಡಿದ ಗುಣಾಕಾರ, ಒಂದೆಡೆ ಪ್ರಶ್ನಾರ್ಥಕ ಚಿಹ್ನೆ ಎಲ್ಲವೂ ಅಲ್ಲಿದ್ದವು. ಅನಂತರ ಕಾಟುಗಳು ಇದ್ದಕ್ಕಿದ್ದಂತೆ ನಿಂತುಹೋದವು. ಅಕ್ಷರಗಳು ಮುತ್ತು ಪೋಣಿಸಿದಂತೆ ದುಂಡಗಾದವು, ಒಂದು ಲೆಕ್ಕವೂ ತಪ್ಪಲಿಲ್ಲ. ಮಗಳನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದೆವು. ತಲೆ ತಗ್ಗಿಸಿಯೇ ಹೇಳಿದಳು: ಆಗಸ್ಟಿನಿಂದ ಈಚೆಗೆ ಲೆಕ್ಕಗಳನ್ನೆಲ್ಲ ಗೈಡಿನಿಂದ ಇಳಿಸಿದ್ದು, ಗೈಡಿನಲ್ಲಿ ಸಿಗದವನ್ನು ಗೆಳತಿಯ ವಹಿಯಿಂದ. “ತಪ್ಪು ಆದ್ರ ಮತ್ತ ಐದು ಸಲ ಬರೀಬೇಕ್ರಿ” ಎಂಬುದು ಅವಳು ಕೊಟ್ಟ ಕಾರಣ.

ಈ ಕಾರಣವನ್ನು ಓದುಗ ಬಾಂಧವರು ಹಗುರವಾಗಿ ತೆಗೆದುಕೊಳ್ಳಬಾರದೆಂದು ನಮ್ಮ ವಿನಂತಿ. ತಪ್ಪಿಗೆ ಶಿಕ್ಷೆಯಿದ್ದಲ್ಲಿ ಮಗು ತಪ್ಪನ್ನು ಅಡಗಿಸುತ್ತದೆ. ಗೃಹಪಾಠವೆಂಬುದು ತಪ್ಪು ಮಾಡಲೆಂದೇ ಇರುವ ಸ್ಥಳ. ಅಲ್ಲಿ ತಪ್ಪು ಕಾಣದಿದ್ದರೆ ಅದು ಪರೀಕ್ಷೆಯ ಕೊಠಡಿಯಲ್ಲಿ ಕಾಣಿಸಿಕೊಳ್ಳುತ್ತದೆ. ಆಗ ತಿದ್ದುವವರು ಯಾರೂ ಪಕ್ಕದಲ್ಲಿರುವುದಿಲ್ಲ.

ಅಂಕಗಳ ವ್ಯವಸ್ಥೆ ಹೇಗಿದೆಯೆಂಬುದು ಹಲವು ಪಾಲಕರಿಗೆ ಸ್ಪಷ್ಟವಾಗಿ ತಿಳಿದಿಲ್ಲವಾದ್ದರಿಂದ ಎರಡು ಮಾತು. ನಮ್ಮ ರಾಜ್ಯದ ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ 100 ಅಂಕಗಳು. ಇವುಗಳಲ್ಲಿ 80 ಲಿಖಿತ ಪರೀಕ್ಷೆಗೆ, 20 ಶಾಲೆಯೇ ಕೊಡುವ ಆಂತರಿಕ ಅಂಕಗಳು. 2009ರ ಶಿಕ್ಷಣ ಹಕ್ಕು ಕಾಯಿದೆಯು ನಿರಂತರ ಹಾಗೂ ವ್ಯಾಪಕ ಮೌಲ್ಯಮಾಪನದ ಮಾತನ್ನು ಎತ್ತಿತು. ಅದು ಎಂಟನೆಯ ತರಗತಿಯವರೆಗಿನ ಕಾಯಿದೆಯಾದರೂ ಅದರ ಗಾಳಿ ಪ್ರೌಢಶಾಲೆಗೂ ಬೀಸಿ, 2014-15ರ ಸುಮಾರಿಗೆ ಹತ್ತನೆಯ ತರಗತಿಗೂ ಈ 80-20ರ ಪದ್ಧತಿ ಬಂದಿತು. ವರ್ಷದಲ್ಲಿ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳು. ಅವುಗಳಲ್ಲಿ ಕಿರುಪರೀಕ್ಷೆ, ಚಟುವಟಿಕೆ, ಯೋಜನೆ ಇತ್ಯಾದಿ. ಅವೆಲ್ಲವನ್ನೂ ಕೂಡಿಸಿ ಇಳಿಸಿದಾಗ ಬರುವುದೇ ಆ 20.

ಉದ್ದೇಶ ಒಳ್ಳೆಯದೇ. ಮಾರ್ಚ್ ತಿಂಗಳ ಮೂರು ಗಂಟೆಗಳ ಮೇಲೆಯೇ ಮಗುವಿನ ಭವಿಷ್ಯವೆಲ್ಲ ನಿಲ್ಲಬಾರದು ಎಂಬುದನ್ನು ಯಾರು ತಾನೇ ಒಪ್ಪುವುದಿಲ್ಲ? ಆದರೆ ಆಚರಣೆಯಲ್ಲಿ ಅನೇಕ ಕಡೆ ಆದದ್ದೇನು? ಆ 20ರಲ್ಲಿ ಎಲ್ಲರಿಗೂ 18, 19, 20. ಕೊಡದಿದ್ದರೆ ಪಾಲಕರು ಕೇಳುತ್ತಾರೆ, ಮುಖ್ಯಾಧ್ಯಾಪಕರು ಕೇಳುತ್ತಾರೆ, ಫಲಿತಾಂಶ ಕಡಿಮೆಯಾದರೆ ಇಲಾಖೆ ನೋಟೀಸು ಕಳಿಸುತ್ತದೆ. ಎಲ್ಲರಿಗೂ ಪೂರ್ತಿ ಸಿಗುವ ಅಂಕ ಯಾರಿಗೂ ಏನನ್ನೂ ಹೇಳುವುದಿಲ್ಲ. 2024ರಲ್ಲಿ ಪರೀಕ್ಷಾ ಕೇಂದ್ರಗಳಲ್ಲಿ ಕ್ಯಾಮೆರಾಗಳನ್ನಿರಿಸಿ ವೆಬ್‌ಕಾಸ್ಟಿಂಗ್ ಮಾಡಿದಾಗ ರಾಜ್ಯದ ಫಲಿತಾಂಶವು ಹಿಂದಿನ ವರ್ಷದ 83.89 ಪ್ರತಿಶತದಿಂದ 73.40 ಪ್ರತಿಶತಕ್ಕೆ ಕುಸಿಯಿತು. ಅದೂ ಕೃಪಾಂಕಗಳನ್ನು ಹೆಚ್ಚಿಸಿದ ಮೇಲೆ. ಮರುವರ್ಷ ಆ ಹೆಚ್ಚುವರಿ ಕೃಪಾಂಕವನ್ನು ಕೈಬಿಡಲಾಯಿತು. ಬಹುಕಾಲದಿಂದ ಇದ್ದ 35 ಪ್ರತಿಶತದ ಉತ್ತೀರ್ಣತೆಯ ಗಡಿಯನ್ನು 33ಕ್ಕೆ ಇಳಿಸುವುದಾಗಿ ಸರಕಾರ 2025ರ ಅಕ್ಟೋಬರಿನಲ್ಲಿ ಪ್ರಕಟಿಸಿತು. ಗಡಿ ಎಲ್ಲಿಯೇ ಇರಲಿ, ವರ್ಷವಿಡೀ ಕೆಂಪು ಶಾಯಿಯ ಸರಿ ಗುರುತನ್ನು ಕಂಡು ನೆಮ್ಮದಿಯಿಂದಿದ್ದ ಮನೆಯವರಿಗೆ ಮೇ ತಿಂಗಳಿನಲ್ಲಿ ಬರುವ ಆಘಾತ ಒಂದೇ.

ಹಾಗೆಂದು ಗುರುಗಳನ್ನು ದೂಷಿಸಲು ನಾವು ಹೊರಟಿಲ್ಲ. ಒಂದು ಸರಳ ಲೆಕ್ಕ ಹಾಕೋಣ. ತರಗತಿಯಲ್ಲಿ 60 ಮಕ್ಕಳು. ದಿನಕ್ಕೆ ಐದೇ ಲೆಕ್ಕಗಳ ಗೃಹಪಾಠ. ಒಟ್ಟು 300 ಲೆಕ್ಕಗಳು. ಒಂದೊಂದಕ್ಕೆ ಒಂದೇ ನಿಮಿಷ ಕೊಟ್ಟರೂ ಐದು ಗಂಟೆ ಬೇಕು. ಅದೂ ಒಂದು ತರಗತಿಗೆ. ಮೂರು ತರಗತಿಗಳಿದ್ದರೆ ಗುರುಗಳು ನಿದ್ರೆಯನ್ನೇ ಬಿಡಬೇಕಾಗುತ್ತದೆ. ಆದ್ದರಿಂದ ವಹಿಯ ಮೇಲಿನ ಸಹಿಗೆ ‘ಬರೆದಿದ್ದಾನೆ’ ಎಂದಷ್ಟೇ ಅರ್ಥ, ‘ತಿಳಿದಿದ್ದಾನೆ’ ಎಂದಲ್ಲ. ಈ ಭೇದವನ್ನು ಪಾಲಕರು ಅರಿತರೆ ಅರ್ಧ ಗೊಂದಲ ಅಲ್ಲಿಯೇ ಪರಿಹಾರವಾಗುತ್ತದೆ.

ನಾವು ಕಂಡ ಗುರುಗಳಲ್ಲಿ ಒಬ್ಬರು ಇದಕ್ಕೊಂದು ಉಪಾಯವನ್ನು ಕಂಡುಕೊಂಡಿದ್ದರು. ಗೃಹಪಾಠದ ವಹಿಯನ್ನು ಅವರು ತಿದ್ದುತ್ತಲೇ ಇರಲಿಲ್ಲ. ಮರುದಿನ ತರಗತಿಗೆ ಬಂದೊಡನೆ ವಹಿಗಳನ್ನು ಮುಚ್ಚಿಸಿ, ನಿನ್ನೆಯ ಐದರಲ್ಲಿ ಒಂದು ಲೆಕ್ಕವನ್ನು ಹಲಗೆಯ ಮೇಲೆ ಬರೆದು, ಅರ್ಧ ಹಾಳೆಯಲ್ಲಿ ಐದು ನಿಮಿಷಗಳಲ್ಲಿ ಮಾಡಿ ಕೊಡಲು ಹೇಳುತ್ತಿದ್ದರು. ಗೃಹಪಾಠವನ್ನು ತಾನೇ ಮಾಡಿದ ಹುಡುಗನಿಗೆ ಅದು ಬಲು ಸುಲಭ. ಇಳಿಸಿಕೊಂಡು ಬಂದವನಿಗೆ ಬೆವರು. ಅರವತ್ತು ಅರ್ಧ ಹಾಳೆಗಳನ್ನು ನೋಡಲು ಅವರಿಗೆ ಮುಕ್ಕಾಲು ಗಂಟೆ ಸಾಕಾಗುತ್ತಿತ್ತು. ತಿಂಗಳೊಪ್ಪತ್ತಿನಲ್ಲಿ ತರಗತಿಯಲ್ಲಿ ನಕಲು ಮಾಡುವ ರೂಢಿ ತಾನಾಗಿಯೇ ನಿಂತಿತಂತೆ. ಶಿಕ್ಷೆಯಿಂದಲ್ಲ, ಪ್ರಯೋಜನವಿಲ್ಲದ್ದರಿಂದ.

ಈಗ ಪರೀಕ್ಷೆಯ ಅಂಕಗಳ ಮಾತು. ಬೀಜಗಣಿತದಲ್ಲಿ ಅಂಕ ಬೀಳುವುದು ಉತ್ತರಕ್ಕಲ್ಲ, ಹಂತಗಳಿಗೆ. ಹತ್ತನೆಯ ತರಗತಿಯ ಗಣಿತ ಪತ್ರಿಕೆಯ 38 ಪ್ರಶ್ನೆಗಳಲ್ಲಿ ಒಂದು ಅಂಕದವು 16. ಉಳಿದವು ಎರಡರಿಂದ ಐದು ಅಂಕಗಳವರೆಗೆ. ಮೌಲ್ಯಮಾಪಕರ ಕೈಯಲ್ಲಿರುವ ಮಾದರಿ ಉತ್ತರದಲ್ಲಿ ಪ್ರತಿ ಹಂತದ ಮುಂದೆ ಅರ್ಧ, ಒಂದು ಎಂದು ಅಂಕ ಹಂಚಿರುತ್ತದೆ. ಬೇರೆ ದಾರಿಯಿಂದ ಬಂದರೂ ದಾರಿ ಸರಿಯಿದ್ದರೆ ಪೂರ್ಣಾಂಕ.

ಉದಾಹರಣೆಗೆ, ಒಂದು ಆಯತಾಕಾರದ ಹಿತ್ತಲಿನ ಉದ್ದವು ಅಗಲಕ್ಕಿಂತ 7 ಮೀಟರು ಹೆಚ್ಚು, ಕ್ಷೇತ್ರಫಲ 60 ಚದರ ಮೀಟರು, ಅಗಲವೆಷ್ಟು ಎಂಬ ಪ್ರಶ್ನೆಯಿದೆಯೆನ್ನಿ. ಅಗಲವನ್ನು ‘ಕ್ಷ’ ಎಂದರೆ ಕ್ಷ(ಕ್ಷ + 7) = 60. ಬಿಡಿಸಿದರೆ ಕ್ಷ² + 7ಕ್ಷ − 60 = 0. ಅಪವರ್ತಿಸಿದರೆ (ಕ್ಷ + 12)(ಕ್ಷ − 5) = 0. ಆದ್ದರಿಂದ ಕ್ಷ = −12 ಅಥವಾ ಕ್ಷ = 5. ಅಗಲ ಋಣವಾಗಲಾರದು, ಉತ್ತರ 5 ಮೀಟರು. (ಈಗಿನ ಪುಸ್ತಕಗಳಲ್ಲಿ ಕ್ಷ, ಯಗಳ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಿವೆ. ನಮ್ಮ ಪೀಳಿಗೆಗೆ ‘ಕ್ಷ’ ಇಲ್ಲದೆ ಬೀಜಗಣಿತ ರುಚಿಸುವುದಿಲ್ಲ. ಅದಕ್ಕೂ ಹಿಂದಿನ ಭಾರತೀಯ ಗಣಿತಜ್ಞರು ಅಜ್ಞಾತ ಸಂಖ್ಯೆಗಳನ್ನು ಯಾವತ್-ತಾವತ್ ಎಂದೂ, ಕಾಲಕ, ನೀಲಕ ಎಂಬ ಬಣ್ಣಗಳ ಹೆಸರಿನಿಂದಲೂ ಕರೆಯುತ್ತಿದ್ದರು.)

ಒಬ್ಬ ಹುಡುಗ ಎಲ್ಲವನ್ನೂ ಸರಿಯಾಗಿ ಬರೆದು, ಕೊನೆಯಲ್ಲಿ ಚಿಹ್ನೆ ತಪ್ಪಿ ‘ಕ್ಷ = 12 ಅಥವಾ −5, ಆದ್ದರಿಂದ ಅಗಲ 12’ ಎಂದು ಬರೆದನೆನ್ನಿ. ಉತ್ತರ ತಪ್ಪು; ಆದರೂ ಮೂರು ಅಂಕಗಳಲ್ಲಿ ಎರಡಾದರೂ ಅವನಿಗೆ ದಕ್ಕಬೇಕು. ಇನ್ನೊಬ್ಬಳು ಹಂತಗಳನ್ನೇ ಬರೆಯದೆ ‘ಅಗಲ 5 ಮೀಟರು’ ಎಂದು ಒಂದೇ ಸಾಲು ಬರೆದಳೆನ್ನಿ. ಉತ್ತರ ಸರಿ, ಸಿಗುವುದು ಅರ್ಧ ಅಂಕವೋ ಒಂದೋ. ನಮ್ಮ ಕಾಗವಾಡದ ಹುಡುಗಿಯ ಉತ್ತರಪತ್ರಿಕೆಯಲ್ಲಿ ಇದ್ದದ್ದು ಈ ಎರಡನೆಯ ಬಗೆ. ಗೈಡಿನ ಕೊನೆಯ ಸಾಲುಗಳು ಅವಳ ನೆನಪಿನಲ್ಲಿದ್ದವು, ನಡುವಿನ ದಾರಿ ಇರಲಿಲ್ಲ.

ಇಲ್ಲಿ ಬೀಜಗಣಿತದ ಒಂದು ಔದಾರ್ಯವನ್ನು ಹೇಳಲೇಬೇಕು. ಇತಿಹಾಸದ ಉತ್ತರ ಸರಿಯೇ ತಪ್ಪೇ ಎಂದು ತಿಳಿಯಲು ಪುಸ್ತಕ ಬೇಕು; ವ್ಯಾಕರಣಕ್ಕೆ ಗುರುಗಳು ಬೇಕು. ಬೀಜಗಣಿತದ ಉತ್ತರವನ್ನು ಮಗು ತಾನೇ ತಾಳೆ ನೋಡಬಹುದು. ಅಗಲ 12 ಆದರೆ ಉದ್ದ 19, ಗುಣಿಸಿದರೆ 228, ಕೊಟ್ಟದ್ದು 60. ತಪ್ಪು ತಾನೇ ಎದ್ದು ನಿಂತಿತು. ಕೆಂಪು ಶಾಯಿಗೆ ಕಾಯಬೇಕಾಗಿಲ್ಲ. ಗೃಹಪಾಠದ ಪ್ರತಿ ಲೆಕ್ಕದ ಕೆಳಗೆ ‘ತಾಳೆ’ ಎಂದು ಒಂದು ಸಾಲು ಬರೆಯುವ ರೂಢಿಯನ್ನು ಮಾಡಿಸಿದ್ದೇ ಆದರೆ ಗುರುಗಳ ಹೊರೆಯೂ ಇಳಿದೀತು, ಮಗುವಿನ ಧೈರ್ಯವೂ ಬೆಳೆದೀತು. ಶರಣರು ಕಾಯಕವನ್ನು ಇನ್ನೊಬ್ಬರಿಂದ ಮಾಡಿಸಿ ತನ್ನದೆಂದುಕೊಳ್ಳಲು ಯಾರಿಗೂ ಒಪ್ಪಿಗೆ ಕೊಡಲಿಲ್ಲ. ಇಳಿಸಿಕೊಂಡ ಲೆಕ್ಕವೂ ಅಂಥದೇ ಎಂದು ಮಕ್ಕಳಿಗೆ ಹೇಳಿದರೆ ಅವರಿಗೆ ತಿಳಿಯದ್ದೇನಲ್ಲ.

ಗಣಿತವು ನಮ್ಮ ನೆಲಕ್ಕೆ ಹೊರಗಿನದೆಂಬ ಭಾವನೆ ಕೆಲವರಲ್ಲಿದೆ. ಕನ್ನಡದಲ್ಲಿ ಮೊದಲು ಗಣಿತಗ್ರಂಥಗಳನ್ನು ಬರೆದ ರಾಜಾದಿತ್ಯ ಹನ್ನೆರಡನೆಯ ಶತಮಾನದವನು, ‘ವ್ಯವಹಾರಗಣಿತ’ದ ಕರ್ತೃ. ಅವನ ಊರು ಕೂಂಡಿ ಮಂಡಲದ ಪೂವಿನಬಾಗೆ. ಅದು ನಮ್ಮ ರಾಯಬಾಗವೇ ಎಂದು ಗುರುತಿಸುವ ವಿದ್ವಾಂಸರಿದ್ದಾರೆ. ಅವನಿಗಿಂತ ಮೂರು ಶತಮಾನ ಹಿಂದೆ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿ, ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂಬುದನ್ನು ಸ್ಪಷ್ಟವಾಗಿ ಹೇಳಿದ್ದಾನೆ. ಇಂದು ನಮ್ಮ ಮಕ್ಕಳು ವರ್ಗ ಸಮೀಕರಣದ ಶೋಧಕವು ಸೊನ್ನೆಗಿಂತ ಕಡಿಮೆಯಾದಾಗ ‘ವಾಸ್ತವ ಮೂಲಗಳಿಲ್ಲ’ ಎಂದು ಬರೆದು ಒಂದು ಅಂಕ ಪಡೆಯುತ್ತಾರಲ್ಲ, ಅದರ ಬೇರು ಅಲ್ಲಿದೆ. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ತರುಣ ಶಿಕ್ಷಕರು ಕೂಡಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದಾಗ ಅವರ ಕೈಯಲ್ಲಿದ್ದದ್ದು ಒಂದು ಶಾಲೆ ಮಾತ್ರ. ನಮ್ಮ ಭಾಗದ ಹಳ್ಳಿಯ ಮಕ್ಕಳು ಬೀಜಗಣಿತದ ಮುಖ ಕಂಡದ್ದು ಅಂಥವರ ಶ್ರಮದಿಂದ.

ಇನ್ನು ನಮ್ಮದೇ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ. ಮೂವತ್ತು ವರ್ಷಗಳಿಗೂ ಹಿಂದಿನ ಮಾತು. ಗಡಿಭಾಗದ ಒಂದು ಪ್ರೌಢಶಾಲೆಯಲ್ಲಿ ನಾವು ಒಂಬತ್ತನೆಯ ತರಗತಿಗೆ ಗಣಿತ ಹೇಳುತ್ತಿದ್ದೆವು. ಘಟಕ ಪರೀಕ್ಷೆಗೆ 20, ಗೃಹಪಾಠಕ್ಕೆ 5 ಎಂಬುದು ನಾವೇ ಮಾಡಿಕೊಂಡಿದ್ದ ನಿಯಮ. ಒಬ್ಬ ಹುಡುಗನಿದ್ದ. ಕಬ್ಬಿನ ಹಂಗಾಮು ಆರಂಭವಾಯಿತೆಂದರೆ ಅವನ ವಹಿ ಖಾಲಿ. ತಂದೆಯೊಂದಿಗೆ ನಸುಕಿನಲ್ಲಿ ಕಬ್ಬು ಕಡಿದು, ಶಾಲೆಗೆ ಬಂದು, ಸಂಜೆ ಮತ್ತೆ ಗಾಡಿ ತುಂಬಲು ಹೋಗುತ್ತಿದ್ದ. ಘಟಕ ಪರೀಕ್ಷೆಯಲ್ಲಿ ಅವನಿಗೆ 17 ಬಂದವು. ನಕಲು ಮಾಡಿದ್ದಾನೆಂದು ನಮಗೆ ಸಂಶಯ. ಎಲ್ಲರೆದುರು ಹಲಗೆಗೆ ಕರೆದು ಬೇರೊಂದು ಲೆಕ್ಕ ಕೊಟ್ಟೆವು. ಒಂದು ಮಾತೂ ಆಡದೆ ಬಿಡಿಸಿ, ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು ಹೋಗಿ ಕುಳಿತ. ಅಲ್ಲಿಗೆ ನಮ್ಮ ಸಂಶಯ ತೀರಬೇಕಿತ್ತು. ತೀರಿತು ಕೂಡ. ಆದರೆ ನಿಯಮ ನಿಯಮವೇ ಎಂದು ಗೃಹಪಾಠದ ಮುಂದೆ ಸೊನ್ನೆ ಬರೆದೆವು. ಪ್ರಗತಿಪತ್ರದ ಷರಾದಲ್ಲಿ ‘ಅಲಕ್ಷ್ಯ’ ಎಂದು ಬರೆದೆವು.

ಅವನ ತಂದೆಗೆ ಓದಲು ಬರುತ್ತಿರಲಿಲ್ಲ. ನೆರೆಯವರಿಂದ ಓದಿಸಿದನಂತೆ. 17 ಎಂಬ ಅಂಕವನ್ನು ಯಾರೂ ಅವನಿಗೆ ಹೇಳಲಿಲ್ಲವೋ, ಹೇಳಿದರೂ ಅದರ ಬೆಲೆ ತಿಳಿಯಲಿಲ್ಲವೋ; ‘ಅಲಕ್ಷ್ಯ’ ಎಂಬುದು ಮಾತ್ರ ತಿಳಿಯಿತು. “ಸಾಲಿಯೊಳಗ ಲಕ್ಷ್ಯ ಇಲ್ಲಂದ್ರ ಹೊಲಕ್ಕ ಬರಲಿ” ಎಂದನಂತೆ. ಜೂನಿನಲ್ಲಿ ಹಾಜರಿ ಕರೆದಾಗ ಆ ಹೆಸರಿಗೆ ಉತ್ತರ ಬರಲಿಲ್ಲ. ಕೆಲವು ವರ್ಷಗಳ ಹಿಂದೆ ಉಗಾರದ ರೈಲು ನಿಲ್ದಾಣದಲ್ಲಿ ಅವನು ನಮ್ಮನ್ನು ಗುರುತಿಸಿ ಕಾಲಿಗೆರಗಿದ. ಕಬ್ಬು ಕಡಿಯುವ ಒಂದು ಗ್ಯಾಂಗಿನ ಮುಖ್ಯಸ್ಥನಾಗಿದ್ದಾನೆ. ಯಾರಿಗೆ ಎಷ್ಟು ಟನ್ನಿನ ಪಗಾರ, ಯಾರ ಮುಂಗಡ ಎಷ್ಟು ಎಂಬುದೆಲ್ಲ ಬಾಯಲೆಕ್ಕದಲ್ಲಿದೆ ಎಂದು ಜೊತೆಯಲ್ಲಿದ್ದವರು ಹೊಗಳಿದರು. ನಾವು ಏನು ಹೇಳಬೇಕೆಂದು ತಿಳಿಯದೆ ಅವನ ಮಕ್ಕಳ ಬಗ್ಗೆ ಕೇಳಿದೆವು.

ಆದ್ದರಿಂದ ಗೃಹಪಾಠಕ್ಕೆ ಅಂಕ ಬೇಕೇ ಎಂದು ಯಾರಾದರೂ ಕೇಳಿದರೆ ನಮ್ಮ ಉತ್ತರ ಇಷ್ಟು: ನೋಡಬೇಕು, ತಿದ್ದಬೇಕು, ಆದರೆ ತಿಳಿದವನ ಅಂಕವನ್ನು ಅದಕ್ಕಾಗಿ ಕಡಿಯಬಾರದು. ಪರೀಕ್ಷೆಯಲ್ಲಿ ತೋರಿಸಿದ ತಿಳಿವಳಿಕೆಯೇ ತಿಳಿವಳಿಕೆ. ಬರೆಯದ ವಹಿಯ ಹಿಂದೆ ಸೋಮಾರಿತನವಿದೆಯೇ, ಹಂಗಾಮು ಇದೆಯೇ ಎಂದು ಮೊದಲು ವಿಚಾರಿಸಬೇಕು. ನಮ್ಮ ಭಾಗದಲ್ಲಿ ಕಾರ್ಖಾನೆಗಳ ಹಂಗಾಮೂ ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಗಳೂ ಒಂದೇ ಕಾಲಕ್ಕೆ ಬರುತ್ತವೆಂಬುದನ್ನು ಬೆಂಗಳೂರಿನಲ್ಲಿ ಕುಳಿತು ವೇಳಾಪಟ್ಟಿ ಮಾಡುವವರು ಬಲ್ಲರೋ ಇಲ್ಲವೋ. ಊರಿನ ಗುರುಗಳಂತೂ ಬಲ್ಲರು. ಮಠಗಳ ಪ್ರಸಾದ ನಿಲಯಗಳಲ್ಲಿ ಸಂಜೆ ಎರಡು ಗಂಟೆ ಹತ್ತನೆಯವರನ್ನು ಕೂಡಿ ಕೂರಿಸಿ, ಮೇಲಿನ ತರಗತಿಯ ಒಬ್ಬ ವಿದ್ಯಾರ್ಥಿಯನ್ನು ಜೊತೆಗಿರಿಸಿದರೆ, ಮನೆಯಲ್ಲಿ ಕೇಳಲು ಯಾರೂ ಇಲ್ಲದ ಮಕ್ಕಳಿಗೆ ಅದೊಂದು ದೊಡ್ಡ ಆಸರೆಯಾದೀತು.

ಪಾಲಕರಲ್ಲಿ ಹಲವರು “ನಮಗೇನ್ ತಿಳೀತದ್ರಿ ಈ ಬೀಜಗಣಿತ?” ಎಂದು ಕೈಚೆಲ್ಲುತ್ತಾರೆ. ತಿಳಿಯಬೇಕಾಗಿಲ್ಲ. ವಹಿಯ ಯಾವುದಾದರೊಂದು ಸಾಲಿನ ಮೇಲೆ ಬೆರಳಿಟ್ಟು, ಮೇಲಿನ ಸಾಲಿನಿಂದ ಇಲ್ಲಿಗೆ ಹೇಗೆ ಬಂದೆ ಎಂದು ಕೇಳಿದರೆ ಸಾಕು. ಮಗು ವಿವರಿಸಿದರೆ ಅದು ಅವಳ ಲೆಕ್ಕ, ತಡವರಿಸಿದರೆ ಬೇರೆಯವರದು. ಪರೀಕ್ಷೆಯ ಉತ್ತರಪತ್ರಿಕೆ ಮನೆಗೆ ಬಂದಾಗ ಮೇಲಿನ ಅಂಕವನ್ನು ನೋಡಿ ಗದರಿಸುವ ಮೊದಲು, ಎಷ್ಟು ಅಂಕ ಚಿಹ್ನೆಯ ತಪ್ಪಿನಿಂದ ಹೋಯಿತು, ಎಷ್ಟು ಹಂತ ಬಿಟ್ಟದ್ದರಿಂದ, ಎಷ್ಟು ನಿಜಕ್ಕೂ ತಿಳಿಯದ್ದರಿಂದ ಎಂದು ಮಗುವಿನಿಂದಲೇ ಬರೆಯಿಸಿ. ಎಸ್ಸೆಸ್ಸೆಲ್ಸಿ ಮುಗಿದ ಮೇಲೂ ಉತ್ತರಪತ್ರಿಕೆಯ ಪ್ರತಿಯನ್ನು ತರಿಸಿಕೊಂಡು ಮರುಎಣಿಕೆಗೋ ಮರುಮೌಲ್ಯಮಾಪನಕ್ಕೋ ಅರ್ಜಿ ಹಾಕುವ ಅವಕಾಶವಿದೆ. ಹಂತ ಹಂತವಾಗಿ ಬರೆದವರಿಗೆ ಮಾತ್ರ ಅದರಿಂದ ಉಪಯೋಗ.

ಅಂದು ಸಂಜೆ ಕಾಗವಾಡದ ಆ ಮನೆಯಲ್ಲಿ ನಾವು ಗೈಡನ್ನು ಕಪಾಟಿನ ಮೇಲೆ ಇಡಿಸಿ, ಹುಡುಗಿಗೆ ಹೊಸದೊಂದು ಲೆಕ್ಕ ಕೊಟ್ಟೆವು. ಎರಡು ಎತ್ತಿನ ಗಾಡಿ, ಮೂರು ಟ್ರೇಲರ್ ಸೇರಿ ಕಾರ್ಖಾನೆಗೆ ಒಯ್ದ ಕಬ್ಬು 28 ಟನ್, ಮೂರು ಗಾಡಿ, ಒಂದು ಟ್ರೇಲರ್ ಸೇರಿ ಒಯ್ದದ್ದು 14 ಟನ್, ಒಂದೊಂದರಲ್ಲಿ ಎಷ್ಟು? ಗಾಡಿಯ ತೂಕ ‘ಅ’, ಟ್ರೇಲರಿನದು ‘ಬ’ ಎಂದು ಇಟ್ಟುಕೊಂಡು, 2ಅ + 3ಬ = 28, 3ಅ + ಬ = 14 ಎಂದು ಸರಿಯಾಗಿಯೇ ಬರೆದಳು. ಎರಡನೆಯದರಿಂದ ಬ = 14 − 3ಅ ಎಂದು ತೆಗೆದು ಮೊದಲನೆಯದರಲ್ಲಿ ಹಾಕುವಾಗ ಮಾತ್ರ 14ನ್ನು ಮೂರರಿಂದ ಗುಣಿಸಿ, 3ಅ ಅನ್ನು ಗುಣಿಸದೆ ಬಿಟ್ಟಳು. 2ಅ + 42 − 3ಅ = 28. ಗಾಡಿಗೆ 14 ಟನ್, ಟ್ರೇಲರಿಗೆ −28 ಟನ್ ಎಂದು ಉತ್ತರ ಬಂದಿತು.

ಅವಳ ತಂದೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವರು, ಏಳನೆಯ ತರಗತಿಗೆ ಶಾಲೆ ಬಿಟ್ಟವರು. ಅಷ್ಟು ಹೊತ್ತು ಬಾಗಿಲಲ್ಲಿ ಕುಳಿತು ಸುಮ್ಮನೆ ಕೇಳುತ್ತಿದ್ದವರು ಈಗ ಗಟ್ಟಿಯಾಗಿ ನಕ್ಕರು.

“ಯವ್ವಾ, ಹದಿನಾಕು ಟನ್ ಎಳಿಯೋ ಎತ್ತು ಯಾವ ಊರಾಗ ಅದಾವ? ಮತ್ತ ಟ್ರೇಲರ್‌ನ್ಯಾಗ ಮೈನಸ್ ಇಪ್ಪತ್ತೆಂಟು ಅಂದ್ರ ಫ್ಯಾಕ್ಟರಿಯವರ ಕಬ್ಬು ನಮಗ ತಂದು ಕೊಟ್ಟರೇನು?”

ಹುಡುಗಿಯೂ ನಕ್ಕಳು. ಅನಂತರ ವಹಿಯ ಮೇಲೆ ಬಗ್ಗಿ, ಕೆಳಗಿನಿಂದ ಮೇಲಕ್ಕೆ ಒಂದೊಂದೇ ಸಾಲನ್ನು ಬೆರಳಿನಿಂದ ಮುಟ್ಟುತ್ತ ಹೋದಳು. ಮೂರನೆಯ ಸಾಲಿಗೆ ಬಂದಾಗ ಬೆರಳು ನಿಂತಿತು. ಆ ಸಾಲನ್ನು ಹೊಡೆದು ಹಾಕಿ 2ಅ + 42 − 9ಅ = 28 ಎಂದು ಬರೆದಳು. ಆಗಸ್ಟಿನ ಈಚೆಗೆ ಆ ವಹಿಯಲ್ಲಿ ಬಿದ್ದ ಮೊದಲ ಕಾಟು ಅದು.

“ಗಾಡಿ ಎರಡು ಟನ್, ಟ್ರೇಲರ್ ಎಂಟು ಟನ್, ಅಪ್ಪಾ” ಎಂದಳು. ನಾವು ಹೇಳುವ ಮೊದಲೇ ಕೆಳಗೆ ‘ತಾಳೆ’ ಎಂದು ಬರೆದು, 4 + 24 = 28, 6 + 8 = 14 ಎಂದು ಕೂಡಿಸಿದಳು.

“ಲೆಕ್ಕ ಬರೋಬ್ಬರಿ ಅದ” ಎಂದರು ತಂದೆ. “ಆದ್ರ ಎಂಟು ಟನ್ ಅಂದ್ರ ಕಡಿಮಿ ಆತು. ನಮ್ಮ ಟ್ರೇಲರ್ ಇನ್ನೂ ಹಿಡೀತದ.”